ಆರು ಗಡಿಗೆ ಶೇಂಗಾ

ನಾಲ್ಕನೆಯ ಇಯತ್ತೆ ಓದಿದ ನಾನು ವಿಜ್ಞಾನಕ್ಕೆ ಸಹಾಯ ಮಾಡಿದ್ದೇನೆ ಎಂದರೆ ಕಳಸಾಪುರದಲ್ಲಿ ಯಾರೂ ನಂಬುವುದಿಲ್ಲ. ಮೊಮ್ಮಗಳು ಗೌರಿಯಂತೂ ಒಪ್ಪುವುದೇ ಇಲ್ಲ!

ಗೌರಿ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಾಳೆ. ಬೀಜದ ಶೇಂಗಾ ಬೂದಿಯಲ್ಲಿಟ್ಟರೆ ಚೆನ್ನಾಗಿ ಉಳಿಯುತ್ತದೋ, ಬೇವಿನೆಲೆಯಲ್ಲೋ ಎಂಬುದು ಅವಳ ಪ್ರಶ್ನೆ. ಅದಕ್ಕೆಂದೇ ನಮ್ಮ ಅಡುಗೆಮನೆಯಲ್ಲಿ ಆರು ಗಡಿಗೆ ತುಂಬಿಟ್ಟಿದ್ದಳು. ಆಗಾಗ ಒಂದು ಹಿಡಿ ಒಯ್ದು ಬಿತ್ತಿ ನೋಡುತ್ತಿದ್ದಳು. ದೀಪಾವಳಿಯ ನಂತರ ಬಂದಿರಲಿಲ್ಲ. ಇದರ ಬಗ್ಗೆ ಬರೆಯುತ್ತಿದ್ದ ಲೇಖನ ಒಪ್ಪಿಗೆಯಾದ ಮೇಲೆಯೇ ಬರುವುದಂತೆ. ಬಸ್ಸು ನಿಂತ ಸಪ್ಪಳವಾದಾಗಲೆಲ್ಲ ನಾನು ಬಾಗಿಲಿಗೆ ಓಡುತ್ತಿದ್ದೆ. ಇಳಿಯುವವರು ಬೇರೆಯವರು!

ಒಂದು ದಿನ ಫೋನು ಬಂತು.

“ಅಜ್ಜೀ, ಲೇಖನ ಕಳಿಸೇನಿ. ಇದೇ ವಿಷಯ ಬಲ್ಲ ಇಬ್ಬರು ಓದಿ ತಪ್ಪು ಹುಡುಕ್ತಾರ. ಅವರು ಹೂಂ ಅಂದ್ರ ಅಚ್ಚಾಕ್ಕೈತಿ.”

“ಯಾರವ್ವ ಅವರು?”

“ನನಗೂ ಹೇಳಂಗಿಲ್ಲ. ಮುಲಾಜು ಬರಬಾರದಲ್ಲ!”

ಕನ್ಯೆ ನೋಡಲು ಬಂದವರನ್ನೂ ನಾವು ಬಾಯಿ ಸಿಹಿ ಮಾಡದೆ ಕಳಿಸುವುದಿಲ್ಲ. ಈ ಇಬ್ಬರು ಬರಿಹೊಟ್ಟೆಯಲ್ಲಿ ಓದಿದರೆ ಹೂಂ ಅಂದಾರೇ? ಶೇಂಗಾ ಹೋಳಿಗೆ ಕಳಿಸುವುದೆಂದು ತೀರ್ಮಾನಿಸಿದೆ. ಮನೆಯ ಶೇಂಗಾ ತೀರಿತ್ತು. ಆದರೆ ಬರೆಯುವುದೇ ಮುಗಿದ ಮೇಲೆ ಗಡಿಗೆಗಳಿಗೇನು ಕೆಲಸ? ಆರನ್ನೂ ಸುರುವಿದೆ. ಸುಲಿದೆ, ಹುರಿದೆ, ಬೆಲ್ಲ ಹಾಕಿ ಕುಟ್ಟಿದೆ. ಡಬ್ಬಿ ಕಟ್ಟಿ, ಗದಗಿಗೆ ಹೋಗಿ, ಧಾರವಾಡದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಆ ಇಬ್ಬರ ವಿಳಾಸವೇ ಇಲ್ಲದ್ದರಿಂದ ಗೌರಿಯೂ ಹಾಸ್ಟೆಲಿನ ಹುಡುಗಿಯರೂ ಸೇರಿ ಮುಗಿಸಿದರಂತೆ.

ಮೂರು ತಿಂಗಳ ಮೇಲೆ ಮತ್ತೆ ಫೋನು.

“ಅಜ್ಜೀ, ಒಬ್ಬರು ಹೂಂ ಅಂದಾರ. ಇನ್ನೊಬ್ಬರು, ಅದೇ ಕಾಳು ಇನ್ನೊಮ್ಮೆ ಬಿತ್ತಿ ಎಷ್ಟು ಮೊಳಕಿ ಬರ್ತಾವ ತೋರಸ್ರಿ ಅಂದಾರ. ಗಡಿಗಿ ಅದಾವಿಲ್ಲೋ?”

“ಅದಾವವ್ವ.”

“ಕಾಳು?”

“ಭಾಳ ರುಚಿ ಆಗ್ಯಾವ ಅಂತ ನೀನೇ ಅಂದಿದ್ದೆಲ್ಲವ್ವಾ...”

ಹೇಳಿದ ಮೇಲೆಯೇ ನನಗೆ ಹೊಳೆಯಿತು. ಕೂಸಿನ ದುಡಿಮೆಯನ್ನೆಲ್ಲ ಹುರಿದು ಅವಳಿಗೇ ಉಣಿಸಿದ್ದೆ!

ವಾರದ ಮೇಲೆ ಅವಳೇ ಹೇಳಿದಳು: “ನಡೆದದ್ದು ಇದ್ದಂಗ ಬರದೆ. ಆ ಇನ್ನೊಬ್ಬರು, ಹೊಸದಾಗಿ ಗಡಿಗಿ ತುಂಬಿ ನೋಡ್ರಿ ಅಂದಾರ. ಇನ್ನ ತಿಂಗಳಿಗೊಮ್ಮೆ ನಾನಽ ಬರಬೇಕು.”

ತಿಂಗಳಿಗೊಮ್ಮೆ! ಪಶ್ಚಾತ್ತಾಪ ಪಡುವುದೇ ಮರೆತುಹೋಯಿತು. ಕಾಣದ ಆ ಇನ್ನೊಬ್ಬರಿಗೆ ನಿಂತಲ್ಲೇ ಕೈಮುಗಿದೆ.

ಮೊನ್ನೆ ಗೌರಿ ಬಂದಳು. ಗಡಿಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ದಿನಾ ಬಂದು ನೋಡಲು ಪಕ್ಕದ ಮನೆಯ ಶಾಂತಕ್ಕನನ್ನು ನೇಮಿಸಿ ಹೋದಳು. ಅವಳು ಮತ್ತೆ ಬರಲು ಇನ್ನೂ ಇಪ್ಪತ್ತೆಂಟು ದಿನ. ಬಸ್ಸಿನ ಸಪ್ಪಳಕ್ಕೆ ಕಾಲುಗಳು ಈಗಲೇ ಬಾಗಿಲ ಕಡೆ ಹೋಗುತ್ತವೆ.

ಈ ಪರೀಕ್ಷಕಿಯ ಹೆಸರಾದರೂ ಗೊತ್ತಲ್ಲ ಎಂದು ಇವತ್ತು ಬಿಸಿ ಹೋಳಿಗೆ ಕೊಟ್ಟೆ. ಶಾಂತಕ್ಕ ಮುಟ್ಟಲಿಲ್ಲ. ಗಡಿಗೆ ಎಣಿಸಿದಳು, ಮಣ್ಣು ಒತ್ತಿ ನೋಡಿದಳು.

“ಈ ಶೇಂಗಾ ಎಲ್ಲೀವು? ಅದನ್ನ ಮೊದಲ ಹೇಳು.”

ಅಂಗಡಿಯ ಚೀಟಿ ತೋರಿಸಿದ ಮೇಲೆಯೇ ತಿಂದಳು.