ಕಳ್ಳರಿಗೂ ಬೇಡವಾದ ಕಾರಿನ ಕೀ

ನಮ್ಮ ಭಾವನವರ ಕಾರನ್ನು ಕದಿಯಲು ಇದುವರೆಗೆ ಯಾವ ಕಳ್ಳನೂ ಪ್ರಯತ್ನ ಮಾಡಿಲ್ಲ. ಅವರ ಬದುಕಿನ ದೊಡ್ಡ ಅವಮಾನ ಇದೇ ಇರಬೇಕೆಂದು ನನ್ನ ಗುಮಾನಿ.

ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿ ಅಕ್ಕ-ಭಾವನ ಮನೆ. ಕಾರಿಗೆ ಹನ್ನೆರಡು ವರ್ಷ. ಬಣ್ಣ ಒಂದು ಕಾಲದಲ್ಲಿ ಕೆಂಪು. ಹಿಂದಿನ ಬಂಪರ್ ಇನ್ನೂ ಬೀಳದಿರುವುದು ಟೇಪಿನ ದಯೆಯಿಂದ. ಈ ವಾಹನದ ಸ್ಟೀರಿಂಗಿಗೆ ಒಂದು ಕಬ್ಬಿಣದ ಸಲಾಕೆ, ಅದಕ್ಕೊಂದು ಬೀಗ. ಕಾರಿನ ಕೀಯನ್ನು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಒಂದು ಕಾಲದಲ್ಲಿ ಇಂಗು ಇಡುತ್ತಿದ್ದ ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿದ ಮೇಲೆಯೇ ಅವರಿಗೆ ನಿದ್ದೆ. ಕೀಗೆ ಹತ್ತಿದ ಇಂಗಿನ ವಾಸನೆಯಿಂದಾಗಿ ಭಾವನ ಪಕ್ಕ ಕೂತು ಹೊರಟರೆ ಪೇಟೆಗೆ ಹೋಗುತ್ತಿದ್ದೇವೋ ಊಟದ ಪಂಕ್ತಿಗೋ ತಿಳಿಯುವುದಿಲ್ಲ.

"ಈಗಿನ ಕಳ್ಳರು ಗಾಜು ಒಡೆಯಲ್ಲ ಕಣಯ್ಯಾ. ಮನೆ ಹೊರಗೆ ನಿಂತ್ಕೊಂಡೇ ಕೀ ಸಿಗ್ನಲ್ ಎಳ್ಕೊಂಡ್ಬಿಡ್ತಾರೆ. ಫಾಯಿಲ್ ಸುತ್ತಿದ್ರೆ ಸಿಗ್ನಲ್ ಆಚೆ ಬರಲ್ಲ," ಎಂದು ಅವರು ನನಗೆ ಪಾಠ ಹೇಳಿದ್ದರು.

"ಅದು ಬಟನ್ ಒತ್ತಿ ಸ್ಟಾರ್ಟ್ ಮಾಡೋ ಹೊಸ ಕಾರುಗಳಿಗೆ ಭಾವ. ನಿಮ್ಮದು ಕೀ ತಿರುಗಿಸೋ ಕಾರು."

"ಕಳ್ಳನಿಗೆ ಅದು ಹೇಗೆ ಗೊತ್ತಾಗ್ಬೇಕು?"

ಇದಕ್ಕೆ ಉತ್ತರ ಕೊಟ್ಟವಳು ಅವರ ಮಗಳು. ಫೋನಿನಿಂದ ತಲೆ ಎತ್ತದೆ, "ಡ್ಯಾಡ್, ಈವನ್ ಥೀವ್ಸ್ ಹ್ಯಾವ್ ಸ್ಟ್ಯಾಂಡರ್ಡ್ಸ್," ಎಂದಳು.

ಇಂಥ ಮನುಷ್ಯನ ಕೈಗೆ ನಾವು ಒಂದು ಸೂಕ್ಷ್ಮದ ಕೆಲಸ ಒಪ್ಪಿಸಿದ್ದೆವು ಎಂದರೆ ನಮ್ಮ ಬುದ್ಧಿಯೂ ಅಷ್ಟಕ್ಕಷ್ಟೇ. ನಮ್ಮ ಅಪ್ಪ ಅಕ್ಕನ ಜೊತೆಗೇ ಇದ್ದಾರೆ. ಮೊಮ್ಮಗಳನ್ನು ವರ್ಷಗಟ್ಟಲೆ ಇದೇ ಕಾರಿನಲ್ಲಿ ಶಾಲೆಗೆ ಬಿಟ್ಟು ಕರೆತಂದವರು ಅವರೇ. ಕಳೆದ ವರ್ಷ ಹಾಲು ತರುತ್ತೇನೆಂದು ಹೊರಟವರು, ಸಂಜೆಯ ಹೊತ್ತಿಗೆ ಊರಾಚೆಯ ಯಾವುದೋ ಸರ್ವೋದಲ್ಲಿ, ಅಂದರೆ ಇಲ್ಲಿನ ಪೆಟ್ರೋಲ್ ಬಂಕಿನಲ್ಲಿ, ಪಂಪಿನ ಪಕ್ಕ ಕಾರು ನಿಲ್ಲಿಸಿಕೊಂಡು ಕೂತಿದ್ದರು. ಮನೆ ಯಾವ ಕಡೆ ಎಂಬುದು ಮರೆತಿತ್ತು. ಇನ್ನು ಕಾರು ಓಡಿಸಬಾರದು ಎಂದರು ಡಾಕ್ಟರು. ಸರಿ, ಅಪ್ಪನ ಕೈಯಿಂದ ಕೀ ಇಸಿದುಕೊಳ್ಳುವವರು ಯಾರು? ಅಕ್ಕ ಅತ್ತಳು. ಪರ್ತ್‌ನಲ್ಲಿರುವ ನನಗೆ ದೂರದ ನೆಪವಿತ್ತು. "ನಾನು ನೋಡ್ಕೋತೀನಿ ಬಿಡಿ," ಎಂದರು ಭಾವ. ಹೇಗೆ ನೋಡಿಕೊಂಡರೆಂದು ನಾನು ಕೇಳಲಿಲ್ಲ. ಫೋನಿನಲ್ಲಿ ಅಪ್ಪನ ದನಿ ಗೆಲುವಾಗಿಯೇ ಇತ್ತು. ಅಷ್ಟು ಸಾಕೆನಿಸಿತು.

ಈ ಸಲ ಆಯುಧಪೂಜೆಗೆ ನಾನೂ ಹೋಗಿದ್ದೆ. ಕಾರಿಗೆ ಕುಂಕುಮ, ಹೂವು, ಚಕ್ರದಡಿಗೆ ನಿಂಬೆಹಣ್ಣು ಎಲ್ಲ ಆಯಿತು. ಕೀ ಮಾತ್ರ ದೇವರ ಮುಂದೆಯೂ ಫಾಯಿಲ್ ಬಿಚ್ಚಲಿಲ್ಲ. ದೇವರ ಮೇಲೂ ಅನುಮಾನವೇ? ಅದರ ಪಕ್ಕದಲ್ಲೇ ಅಕ್ಕ, ಬಂದವರಿಗೆ ಕೊಡಲೆಂದು, ಕೊಬ್ಬರಿ ಮಿಠಾಯಿಯನ್ನು ಅದೇ ಫಾಯಿಲ್‌ನಲ್ಲಿ ಸುತ್ತಿ ತಟ್ಟೆಯ ತುಂಬ ಜೋಡಿಸಿದ್ದಳು. ಮುಂದಿನದನ್ನು ಊಹಿಸಲು ಕಳ್ಳನ ಬುದ್ಧಿ ಬೇಕಿಲ್ಲ. ಮಾರನೆಯ ಬೆಳಿಗ್ಗೆ ಭಾವ ಇಂಗಿನ ಡಬ್ಬಿ ತೆರೆದು ಫಾಯಿಲ್ ಬಿಚ್ಚಿದರೆ, ಒಳಗೆ ಅತ್ಯಂತ ಸುರಕ್ಷಿತವಾಗಿ ಒಂದು ಕೊಬ್ಬರಿ ಮಿಠಾಯಿ ಇತ್ತು.

"ರೀ, ಅದನ್ನೇ ಹಾಕಿ ತಿರುಗ್ಸಿ ನೋಡಿ," ಎಂದಳು ಅಕ್ಕ.

ಬಂದಿದ್ದವರಿಗೆಲ್ಲ ಫೋನು ಹೋಯಿತು. ಎಲ್ಲರೂ ತಿಂದದ್ದು ಮಿಠಾಯಿಯೇ. ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯ ಆಸ್ಪತ್ರೆಯಲ್ಲಿರುವ ಡಾಕ್ಟರ್ ಸ್ನೇಹಿತರೊಬ್ಬರು ಮಾತ್ರ ಹಿಂದಿನ ರಾತ್ರಿಯೇ ಮಿಠಾಯಿ ಜೇಬಿಗೆ ಹಾಕಿಕೊಂಡು ವಿಮಾನ ಹತ್ತಿದ್ದರು. ಈಗ ಡ್ಯೂಟಿಯಲ್ಲಿದ್ದು ಫೋನ್ ಎತ್ತಲಿಲ್ಲ. ಸಂಜೆಯವರೆಗೆ ಕಾಯೋಣವೆಂದರೆ ಭಾವ ಕೇಳಬೇಕಲ್ಲ. ಕೀ ಯಾರ ಕೈಯಲ್ಲಿದೆಯೋ ಗೊತ್ತಿಲ್ಲದೆ ಅವರಿಗೆ ಕಾಫಿಯೂ ಇಳಿಯಲಿಲ್ಲ.

ಕಾರಿನ ಕೀ ಮಾಡಿಕೊಡುವವನು ವ್ಯಾನಿನಲ್ಲಿ ಬಂದ. ಮೊದಲು ಕೇಳಿದ್ದು, ಕಾರು ನಿಮ್ಮದೇ ಎನ್ನುವುದಕ್ಕೆ ದಾಖಲೆ. ಭಾವನ ಮುಖ ಅರಳಿತು. ಈ ಕಾರನ್ನು ಕದಿಯುವವರೂ ಇರಬಹುದೆಂದು ಲೋಕದಲ್ಲಿ ಒಬ್ಬನಾದರೂ ಶಂಕಿಸಿದ್ದ.

ಎರಡನೆಯ ಪ್ರಶ್ನೆ, ಇನ್ನೊಂದು ಕೀ ಇದೆಯೇ? ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಕೀ ಎಂದರೆ ಹಲ್ಲುಗಳಿರುವ ಲೋಹ ಮಾತ್ರವಲ್ಲ. ಅದರ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇರುತ್ತದೆ. ಕೀ ತಿರುಗಿಸಿದಾಗ ಕಾರು ಆ ಚಿಪ್‌ನ ಗುರುತು ಕೇಳುತ್ತದೆ. ತನ್ನ ನೆನಪಿನಲ್ಲಿರುವ ಗುರುತಾದರೆ ಮಾತ್ರ ಇಂಜಿನ್ ಓಡುತ್ತದೆ. ದೂರದಿಂದ ಬಾಗಿಲು ತೆರೆಯುವ ಬಟನ್‌ನದು ಬೇರೆಯೇ ವ್ಯವಸ್ಥೆ.

"ಇನ್ನೊಂದು ಕೀ ಇಲ್ಲ," ಎಂದರು ಭಾವ.

ಅದೇ ಹೊತ್ತಿಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಗೆ ಬಂದರು. ಜೇಬಿನಿಂದ ಒಂದು ಕೀ ತೆಗೆದು ಒತ್ತಿದರು. ಕಾರು ಎರಡೂ ದೀಪ ಮಿಟುಕಿಸಿ ಬಾಗಿಲು ಬಿಟ್ಟುಕೊಟ್ಟಿತು.

ನನ್ನ ರಕ್ತ ನೆತ್ತಿಗೇರಿತು. "ಭಾವ, ಬುದ್ಧಿ ಇದೆಯಾ ನಿಮಗೆ? ಕಳ್ಳರಿಗೆ ಹೆದರಿ ಫಾಯಿಲ್ ಸುತ್ತೋರು ಅಪ್ಪನ ಕೈಲಿ ಕೀ ಕೊಟ್ಟಿದ್ದೀರಲ್ಲ. ಮತ್ತೆ ಎಲ್ಲಾದ್ರೂ ಹೊರಟುಬಿಟ್ರೆ?"

ಭಾವ ನನ್ನ ತೋಳು ಹಿಡಿದು ನಿಂಬೆಗಿಡದ ಹತ್ತಿರ ಎಳೆದೊಯ್ದರು. "ಮೆಲ್ಲಗೆ ಮಾತಾಡಯ್ಯಾ. ಅದರ ಚಿಪ್ ಗುರುತನ್ನ ಕಾರಿಂದ ಹೋದ ವರ್ಷಾನೇ ಅಳಿಸಿದ್ದೀನಿ. ಬಾಗಿಲು ತೆಗೆಯುತ್ತೆ, ಸ್ಟಾರ್ಟ್ ಆಗಲ್ಲ."

"ಹಲ್ಲಿನ ಅಳತೆಗಾದರೂ ಅದನ್ನ ಕೀ ಮಾಡೋನಿಗೆ ಕೊಡಬಹುದಿತ್ತಲ್ಲ?"

"ಒಂದ್ಸಲ ವಾಪಸ್ ಕೇಳಿದ್ರೆ ಆಮೇಲೆ ಕೊಟ್ರೂ ತಮ್ಮದು ಅಂತ ಮಾವ ನಂಬಲ್ಲ. ಲೇಟಾದ್ರೆ ಆಗ್ಲಿ ಬಿಡು."

ನಾನು ವ್ಯಾನಿನವನಿಗೆ ಕಾಫಿ ತರಲು ಒಳಗೆ ಹೋದೆ.

ಕೆಲಸ ಸಂಜೆಯವರೆಗೆ ಎಳೆಯಿತು. ಕೊನೆಗೆ ವ್ಯಾನಿನವನು ಹಳೆಯ ಕೀಗಳ ಗುರುತನ್ನೆಲ್ಲ ಅಳಿಸಿಬಿಡಲೇ ಎಂದು ಕೇಳಿದ. ಕಳೆದದ್ದನ್ನು ಪೂರ್ತಿ ಅಳಿಸು, ಆ ಹಿರಿಯರ ಬಟನ್ ಒಂದನ್ನು ಮುಟ್ಟಬೇಡ ಎಂದರು ಭಾವ. ವ್ಯಾನು ಬೀದಿ ತಿರುಗುವ ಮೊದಲೇ ಅಡಿಲೇಡ್‌ನಿಂದ ಫೋನ್ ಬಂತು.

"ಪ್ರಸಾದ ಸ್ವಲ್ಪ ಗಟ್ಟಿ ಇತ್ತು ಕಣೋ. ಹಲ್ಲಿಗೆ ಸಿಕ್ತು. ಆದ್ರೆ ಇಂಗು ಯಾಕೆ ಹಾಕಿದ್ರಿ?"

ಭಾವ ಫೋನಿಟ್ಟು ಹೊಸ ಕೀಗೆ ಹೊಸ ಫಾಯಿಲ್ ಸುತ್ತಿ ಡಬ್ಬಿಗೆ ಹಾಕಿದರು. ಈ ಮನುಷ್ಯ ಸುಧಾರಿಸುತ್ತಾರೆಂಬ ಆಸೆಯನ್ನು ನಾನು ಅಲ್ಲಿಗೇ ಬಿಟ್ಟೆ.

ಅಪ್ಪನ ಕೀ ಮಾತ್ರ ಅಂಗಿಯ ಜೇಬಿನಲ್ಲಿ ಬರಿಮೈಯಲ್ಲೇ ಇತ್ತು. ಫಾಯಿಲ್ ಸುತ್ತಿದರೆ ಒತ್ತಿದಾಗ ಕಾರಿಗೆ ಕೇಳಿಸುವುದಿಲ್ಲವಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪ ಮತ್ತೆ ಹೊರಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಭಾವ ಸ್ಟೀರಿಂಗಿನ ಸಲಾಕೆಯನ್ನು ತೆಗೆದಿಟ್ಟು, ಆ ಕಡೆಯಿಂದ ಸುತ್ತಿ ಬಂದು, ಪಕ್ಕದ ಸೀಟಿಗೆ ಹತ್ತಿದರು. ಕಿಟಕಿಯ ಗಾಜು ಇಳಿದಿತ್ತು. ನನಗೆ ಮಾತು ಕೇಳಿಸುತ್ತಿತ್ತು.

"ಬೆಲ್ಟ್ ಹಾಕ್ಕೊಳ್ಳಿ ಅಳಿಯಂದ್ರೇ," ಎಂದರು ಅಪ್ಪ.

ಎಲ್ಲಿಗೂ ಹೋಗದ ಆ ಕಾರಿನಲ್ಲಿ ಭಾವ ಬೆಲ್ಟನ್ನು ಎಳೆದು ಹಾಕಿಕೊಂಡರು. ಸರಿಯಾಗಿ ಬಿಗಿಯಿತೋ ಇಲ್ಲವೋ ಎಂದು ಒಮ್ಮೆ ಜಗ್ಗಿಯೂ ನೋಡಿದರು.