ಕಲ್ಲುಗುಂಡಿಗೆ ಹೊರಟ ಟ್ರಂಕು

ನನಗೆ ಹೆದರಿಕೆ ಸ್ವಲ್ಪ ಹೆಚ್ಚು. ಇದನ್ನು ಹೀಗೆ ನೇರವಾಗಿ ಒಪ್ಪಿಕೊಳ್ಳುವ ಧೈರ್ಯ ಬಂದದ್ದು ನಿವೃತ್ತನಾದ ಮೇಲೆ. ನರಿಮೊಗರಿನ ಕಡೆಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಷ್ಟು ಕಾಲ ಅದಕ್ಕೆ ಮುಂಜಾಗ್ರತೆ ಎಂಬ ಗೌರವದ ಹೆಸರಿಟ್ಟು ಮಾನ ಉಳಿಸಿಕೊಂಡಿದ್ದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವಾಗ ಉಳಿದ ಮೇಷ್ಟ್ರುಗಳು ಹೊಸ ಅಂಗಿ ತೊಟ್ಟು ಬಂದರೆ ನಾನು ಲಿಂಬೆಹುಳಿ, ವಾಂತಿಗೆ ಪ್ಲಾಸ್ಟಿಕ್ ಚೀಲ, ಹೊಟ್ಟೆನೋವಿಗೆ ಓಮ, ಗಾಯಕ್ಕೆ ಹತ್ತಿ ಎಲ್ಲವನ್ನೂ ಹೆಗಲಿಗೇರಿಸಿಕೊಂಡು ಬರುತ್ತಿದ್ದೆ. ಘಾಟಿಯ ತಿರುವುಗಳಲ್ಲಿ ಮಕ್ಕಳು ಹಾಡು ಹೇಳಿಕೊಂಡು ಕುಣಿಯುತ್ತಿದ್ದರು. ಚೀಲ ಉಪಯೋಗಕ್ಕೆ ಬರುತ್ತಿದ್ದದ್ದು ಹೆಚ್ಚಾಗಿ ನನಗೇ.

ನನ್ನ ಹೆಂಡತಿ ವಾರಿಜ ಹಾಗಲ್ಲ. ಮನೆಯೊಳಗೆ ಹಾವು ಬಂದರೂ ಒಲೆಯ ಮೇಲಿನ ಹಾಲು ಇಳಿಸಿಟ್ಟ ಮೇಲೆಯೇ ಹಾವಿನ ವಿಚಾರಕ್ಕೆ ಬರುವವಳು. ಇಂಥವಳ ಅಕ್ಕ ಕಲ್ಲುಗುಂಡಿಯಲ್ಲಿದ್ದಾರೆ. ಮಳೆಗಾಲ ಸುರುವಾಗುವ ಹೊತ್ತಿಗೆ ಅವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮನೆಯಲ್ಲಿ ಮಗ ಸೊಸೆ ಇದ್ದಾರೆ, ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ತಲೆಗೆ ಎಣ್ಣೆ ಹಚ್ಚಿ ಮೀಯಿಸಲಿಕ್ಕೆ ಅಕ್ಕನಿಗೆ ತಂಗಿಯ ಕೈಯೇ ಆಗಬೇಕು. ಹಾಗಾಗಿ ಪ್ರತಿ ಶನಿವಾರ ಪುತ್ತೂರು ದರ್ಬೆಯ ನಮ್ಮ ಮನೆಯಿಂದ ಕಲ್ಲುಗುಂಡಿಗೆ ಸವಾರಿ ಎಂದು ನಿಶ್ಚಯವಾಯಿತು. ಮೊದಮೊದಲು ಕಾರು ಬಿಡುತ್ತಿದ್ದದ್ದು ನಾನು. ಆಮೇಲೆ ಒಂದು ದಿನ ಗ್ಯಾಸಿನ ಸಿಲಿಂಡರ್ ಎತ್ತಲು ಹೋಗಿ ಸೊಂಟದಲ್ಲಿ ಏನೋ ಕಟ್ ಎಂದಿತು. ಡಾಕ್ಟರು ಡಿಸ್ಕು ಜಾರಿದೆ ಎಂದು ಹೇಳಿ, ಕಾರು ಬಿಡುವುದಿರಲಿ, ಕಾರಿನಲ್ಲಿ ಕೂರುವುದಕ್ಕೂ ಕಲ್ಲುಹಾಕಿದರು.

"ಪರ್ವಾಗಿಲ್ಲ, ನಾನೇ ಬಿಡ್ತೇನೆ," ಅಂದಳು ವಾರಿಜ.

ಅವಳಿಗೆ ಲೈಸೆನ್ಸು ಉಂಟು. ದರ್ಬೆಯಿಂದ ಪೇಟೆಗೆ ಹೋಗಿ ತರಕಾರಿ ತರುವಷ್ಟು ಕಾರು ಬಿಟ್ಟು ಅಭ್ಯಾಸವೂ ಉಂಟು. ಆದರೆ ಕಲ್ಲುಗುಂಡಿ ಎಂದರೆ ಸುಳ್ಯ ದಾಟಿ ಮಡಿಕೇರಿ ರಸ್ತೆಯಲ್ಲಿ ಹೋಗಬೇಕು. ತಿರುವು, ಲಾರಿ, ಮಳೆ, ಮಳೆಯಲ್ಲಿ ಎದುರಿಗೆ ಕಣ್ಣು ಕುಕ್ಕುವ ಹಾಗೆ ಲೈಟು ಹಾಕಿಕೊಂಡು ಬರುವವರು. ಬಸ್ಸಿನಲ್ಲಿ ಹೋಗು ಎಂದು ಒಂದು ಸಲ ಗೊಣಗಿ ನೋಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. 'ಬೇಡ' ಎಂದು ಗಟ್ಟಿಯಾಗಿ ಹೇಳುವ ಧೈರ್ಯ ನನಗಿರಲಿಲ್ಲ. 'ನನಗೆ ಹೆದರಿಕೆ ಆಗುತ್ತದೆ' ಎಂದು ಮೆಲ್ಲಗೆ ಹೇಳುವ ಧೈರ್ಯ ಅದಕ್ಕಿಂತಲೂ ಇರಲಿಲ್ಲ. ಹಾಗಾಗಿ ಅಟ್ಟದ ಮೇಲಿದ್ದ ನನ್ನ ಹಾಸ್ಟೆಲ್ ಕಾಲದ ತಗಡಿನ ಟ್ರಂಕನ್ನು ಕೆಳಗಿಳಿಸಿದೆ. ಇಳಿಸಿದೆ ಎಂದರೆ, ಸೊಂಟದ ಕಾರಣದಿಂದ ಅವಳ ಕೈಯಿಂದಲೇ ಇಳಿಸಿಕೊಂಡೆ.

ಕಾರಿನಲ್ಲಿ ಆಪತ್ತಿಗೆಂದು ಏನೇನು ಇಟ್ಟುಕೊಳ್ಳಬೇಕು ಎಂದು ಹೇಳಿಕೊಡುವ ವಿಡಿಯೋಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಮಂಚದ ಮೇಲೆ ಅಂಗಾತ ಮಲಗಿದ್ದವನಿಗೆ ನೋಡಲು ಬಿಡುವೂ ಬೇಕಾದಷ್ಟಿತ್ತು. ಹೆಚ್ಚಿನವು ಹಿಮ ಬೀಳುವ ದೇಶದವರು ಮಾಡಿದ್ದು. ಗಾಡಿ ಹಿಮದಲ್ಲಿ ಹೂತುಹೋದರೆ ಒಳಗೆ ಮೇಣದ ಬತ್ತಿ ಹಚ್ಚಿಕೊಂಡು ಬೆಚ್ಚಗಿರಿ, ಕಂಬಳಿ ಹೊದ್ದುಕೊಳ್ಳಿ ಎಂದು ಕೆಂಪು ಮೂಗಿನವನೊಬ್ಬ ಹೇಳಿದ. ಪುತ್ತೂರಿನಲ್ಲಿ ಹಿಮ ಬಿದ್ದದ್ದನ್ನು ಯಾರೂ ಕಂಡಿಲ್ಲ ನಿಜ, ಆದರೂ ಮೇಣದ ಬತ್ತಿ ಇದ್ದರೆ ನಷ್ಟವೇನು ಎಂದು ಒಳಗಿಟ್ಟೆ. ಪಕ್ಕದ ಮನೆಯ ಅಬ್ದುಲ್ಲ ಹಾಜಿಯವರು ಗಲ್ಫಿನಲ್ಲಿ ಬಹಳ ಕಾಲ ಟ್ರಕ್ಕು ಬಿಟ್ಟವರು. ಬೇಲಿಯ ಆಚೆಯಿಂದಲೇ ಟ್ರಂಕನ್ನು ಇಣುಕಿ ನೋಡಿ, "ಮಾಷ್ಟ್ರೆ, ನೀರು ಎಲ್ಲಿ? ಅಲ್ಲಿ ನಾವು ನೀರಿನ ಕ್ಯಾನ್ ಇಲ್ಲದೆ ಗಾಡಿ ಹೊರಗೆ ತೆಗೀತಿರಲಿಲ್ಲ. ಮರಳಲ್ಲಿ ಚಕ್ರ ಹೂತುಹೋದ್ರೆ ತೋಡ್ಲಿಕ್ಕೆ ಒಂದು ಹಾರೆಯೂ ಬೇಕು," ಅಂದರು. ಅನುಭವಸ್ಥರ ಮಾತು. ರಸ್ತೆ ಯಾವುದು ತೋಡು ಯಾವುದು ಎಂದು ಗೊತ್ತಾಗದಷ್ಟು ಮಳೆ ಹೊಯ್ಯುತ್ತಿರುವಾಗ ನಾನು ಒಂದು ಕ್ಯಾನ್ ಕುಡಿಯುವ ನೀರನ್ನು ಕಾರಿಗೆ ಹೇರಿಸಿದೆ. ಹಾರೆಯನ್ನು ಮಾತ್ರ ವಾರಿಜ ಇಡಲು ಬಿಡಲಿಲ್ಲ. ಸೀಟಿನ ಮೇಲೆ ಮಣ್ಣಾಗುತ್ತದೆ ಎಂದಳು. ಜಿಗಣೆಗೆಂದು ಒಂದು ಡಬ್ಬಿ ಉಪ್ಪು ಇಟ್ಟದ್ದು ನನ್ನ ಸ್ವಂತ ಬುದ್ಧಿ.

ಇಲ್ಲಿ ಒಂದು ಮಾತು ಹೇಳಬೇಕು. ಮನೆಯಲ್ಲಿ ಒಂದು ಇರುವಾಗ ಅಂಥದ್ದೇ ಇನ್ನೊಂದನ್ನು ಅಂಗಡಿಯಿಂದ ತರುವುದು ನಮ್ಮ ಕಡೆಯವರ ಮೈಗೆ ಒಗ್ಗದ ಸಂಗತಿ. ಮನೆಯ ಟಾರ್ಚು ಇರುವಾಗ ಟ್ರಂಕಿಗೆಂದು ಬೇರೆ ಟಾರ್ಚು ಯಾಕೆ? ಆದ್ದರಿಂದ ಮನೆಯ ಟಾರ್ಚು ಟ್ರಂಕಿಗೆ ಹೋಯಿತು. ಅದರ ಹಿಂದೆಯೇ ಬೆಂಕಿಪೆಟ್ಟಿಗೆ, ಮೇಣದ ಬತ್ತಿ, ನೋವಿನ ಮುಲಾಮು, ತಲೆನೋವಿನ ಮಾತ್ರೆ, ಮೊಬೈಲಿಗೆ ಚಾರ್ಜು ತುಂಬಿಸುವ ಪವರ್‌ಬ್ಯಾಂಕು, ಕತ್ತಿ, ಬಾವಿಯ ಹಳೇ ಹಗ್ಗ, ನನ್ನ ಕೊಡೆ, ಒಂದು ಡಬ್ಬಿ ಅವಲಕ್ಕಿ ಬೆಲ್ಲ, ಎಲ್ಲವೂ ಹೋದವು. ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಸ್ವರ ಬಂತು.

"ಬೆಂಕಿಪೆಟ್ಟಿಗೆ ಎಲ್ಲಿ?"

"ಟ್ರಂಕಿನಲ್ಲಿ."

"ದೇವರಿಗೆ ದೀಪ ಹಚ್ಚಲಿಕ್ಕೆ ನಾನು ಕಾರಿನ ಡಿಕ್ಕಿ ತೆಗಿಬೇಕಾ ಮಾರಾಯ್ರೆ?"

"ತೆಗಿ. ಆದ್ರೆ ತೆಗ್ದದ್ದನ್ನು ಪುನಃ ಅಲ್ಲೇ ಇಡು," ಅಂದೆ.

ಅವಳು ಮರುದಿನದಿಂದ ಗ್ಯಾಸ್ ಒಲೆಯಲ್ಲಿ ಬತ್ತಿ ಹೊತ್ತಿಸಿಕೊಂಡು ಬಂದು ದೀಪ ಹಚ್ಚತೊಡಗಿದಳು. ಕಡಬದಲ್ಲಿರುವ ಮಗಳಿಗೆ ಈ ವಾರ್ತೆ ಹೇಗೋ ತಲುಪಿತು. "ಅಪ್ಪ, ಅಮ್ಮ ಹೋಗುದು ಕಲ್ಲುಗುಂಡಿಗಾ, ಹಿಮಾಲಯಕ್ಕಾ?" ಎಂದು ಫೋನಿನಲ್ಲಿ ನಕ್ಕಳು. ಅವಳು ನಗಬಾರದಿತ್ತು. ಹಿಂದೊಮ್ಮೆ ಅವಳ ಮನೆಯಿಂದಲೇ ಹಿಂತಿರುಗುವಾಗ ಕಡಬ ಬಿಟ್ಟು ಸ್ವಲ್ಪ ದೂರದಲ್ಲಿ ನಮ್ಮ ಟಯರು ಪಂಕ್ಚರ್ ಆಗಿತ್ತು. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಆದರೆ ಅವೆರಡರ ಮೇಲೆ ಅವಳ ಅತ್ತೆ ಪ್ರೀತಿಯಿಂದ ತುಂಬಿಸಿದ ಜೀಗುಜ್ಜೆ, ತೆಂಗಿನಕಾಯಿ, ಕೆಸುವಿನ ಗಡ್ಡೆಗಳಿದ್ದವು. ನಮ್ಮ ಕಡೆ ನೆಂಟರ ಮನೆಗೆ ಹೋದ ಕಾರು ಖಾಲಿ ಬರುವ ಕ್ರಮವಿಲ್ಲ. ಎಲ್ಲವನ್ನೂ ರಸ್ತೆಯ ಬದಿಯಲ್ಲಿ ಇಳಿಸಿ ಟಯರು ಬದಲಾಯಿಸುವಷ್ಟರಲ್ಲಿ ಇಬ್ಬರು ಬೈಕು ನಿಲ್ಲಿಸಿ ಜೀಗುಜ್ಜೆಗೆ ರೇಟು ಕೇಳಿ ಹೋಗಿದ್ದರು.

ಹೊರಡುವ ಮುನ್ನಾದಿನ ವಾರಿಜಳಿಗೆ ಪಾಠವೂ ಆಯಿತು. ಮೇಷ್ಟ್ರ ಚಾಳಿ, ಬಿಟ್ಟು ಹೋಗುವುದಿಲ್ಲ. ಟ್ರಂಕಿನಲ್ಲಿ ಯಾವುದು ಎಲ್ಲಿದೆ ಎಂದು ತೋರಿಸಿ, "ಈಗ ಹೇಳು, ಕಾರು ಚರಂಡಿಗೆ ಇಳೀತು ಅಂತ ಇಟ್ಕೋ. ಮೊದಲು ಎಂತ ತೆಗೆಯುದು?" ಎಂದು ಪ್ರಶ್ನೆ ಹಾಕಿದೆ.

"ಮೊದಲು ಈ ಟ್ರಂಕು ತೆಗೆಯುದು. ಇದರ ಭಾರಕ್ಕೇ ಅಲ್ವಾ ಇಳ್ದದ್ದು?" ಅಂದಳು. ಶಾಲೆಯಲ್ಲಾದರೆ ಇಂಥವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಮೊದಲ ಶನಿವಾರ ಅವಳು ಹೋದಳು, ಬಂದಳು. ಎರಡನೆಯದೂ ಹಾಗೆಯೇ. ಅಕ್ಕನ ತಲೆಗೂದಲು ಹೊಳೆಯುತ್ತಿದೆಯಂತೆ, ಕೋಲು ಹಿಡಿದು ಜಗಲಿಯವರೆಗೆ ಬರುತ್ತಾರಂತೆ. ಇವಳ ಮುಖದಲ್ಲೂ ಏನೋ ಹೊಸ ಕಳೆ. ಕಾರಿನಿಂದ ಇಳಿದು ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತಾ ಒಳಗೆ ಬರುವ ಗತ್ತು ಬೇರೆ. ನನಗೆ ಸಂತೋಷವೇ. ಆದರೆ ಸಂಜೆ ಡಿಕ್ಕಿಯಿಂದ ಬಾಳೆಗೊನೆ ಇಳಿಸಿದ ಮೇಲೆ ಟ್ರಂಕು ತೆರೆಸಿ ನೋಡಿದರೆ ಒಂದು ಬೆಂಕಿಕಡ್ಡಿಯೂ ಖರ್ಚಾಗಿರುತ್ತಿರಲಿಲ್ಲ. ಆಗ ಸ್ವಲ್ಪ ಬೇಸರವಾಗುತ್ತಿತ್ತು ಎಂದರೆ ನೀವು ನನ್ನನ್ನು ತಪ್ಪು ತಿಳಿಯಬಾರದು.

ಆಮೇಲಿನ ಒಂದು ಶನಿವಾರ ಬೆಳಗ್ಗಿನಿಂದಲೇ ಗಾಳಿ. ಇವತ್ತು ಬೇಡ ಎಂದೆ. ಅಕ್ಕ ಕಾಯುತ್ತಿರುತ್ತಾಳೆ ಎಂದು ಹೊರಟೇ ಬಿಟ್ಟಳು. ಕುಂಬ್ರ ಮುಟ್ಟಿರಬಹುದು ಎನಿಸಿದಾಗ ಒಂದು ಫೋನು ಮಾಡಿದೆ, ಜಾಲ್ಸೂರು ಎನಿಸಿದಾಗ ಒಂದು, ಸುಳ್ಯ ಎನಿಸಿದಾಗ ಮತ್ತೊಂದು. ಅವಳು ಎತ್ತಲಿಲ್ಲ. ಕಾರು ಬಿಡುವಾಗ ಫೋನಿನಲ್ಲಿ ಮಾತಾಡಬಾರದು ಎಂದು ಅವಳಿಗೆ ಕಲಿಸಿದವನೂ ನಾನೇ. ಎತ್ತದ್ದಕ್ಕೆ ಗಾಬರಿಯಾಗಿ ಮತ್ತೂ ಮಾಡಿದೆ. ಅವಳು ಕಲ್ಲುಗುಂಡಿ ತಲುಪಿ ಒಂದು ಮಾತು ಹೇಳಿದ ಮೇಲೆಯೂ, ತಲುಪಿದ್ದು ಹೌದಾ ಎಂದು ಕೇಳಲು ಅಕ್ಕನ ಮಗನಿಗೆ ಮಾಡಿದೆ. ಕರೆಂಟು ಮಧ್ಯಾಹ್ನವೇ ಹೋಗಿತ್ತು. ಸಂಜೆಗೆ ಮೊಬೈಲು ಕೊನೆಯುಸಿರು ಎಳೆಯುತ್ತಿರುವಾಗ ಅವಳ ಫೋನು ಬಂತು.

"ಹೋಯ್, ಕೇಳ್ತದಾ? ವಾಪಾಸು ಬರುವ ದಾರಿಯಲ್ಲಿ ಅರಂತೋಡಿನ ಹತ್ರ ಒಂದು ಮರ ಬಿದ್ದಿದೆ. ರೋಡು ಬ್ಲಾಕ್. ನನಗೆಂತ ಆಗ್ಲಿಲ್ಲ, ನಾನು ತುಂಬ ಹಿಂದೆ ಉಂಟು. ಸ್ವಲ್ಪ ತಡ ಆಗ್ತದೆ, ಹೆದರ್ಬೇಡಿ."

ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳಿಗೇನೂ ಆಗಿಲ್ಲ ಎಂದು ಗೊತ್ತಾದ ಮರುಕ್ಷಣ ನನ್ನೊಳಗೊಂದು ಉತ್ಸಾಹ ಉಕ್ಕಿತು. "ಟ್ರಂಕು ತೆಗಿ!" ಎಂದು ಕೂಗಿದೆ. "ಕತ್ತಿ ಬಲಗಡೆ ಉಂಟು, ಹಗ್ಗ ಅದರ ಅಡಿಯಲ್ಲಿ. ರೋಡಿಗೆ ಇಳಿಯುದಾದ್ರೆ ಮೊದಲು ಉಪ್ಪು..." ಉಪ್ಪು ಎನ್ನುವಷ್ಟರಲ್ಲಿ ಮೊಬೈಲು ಸತ್ತಿತು.

ಚಾರ್ಜು ತುಂಬಿಸಬೇಕು. ಪವರ್‌ಬ್ಯಾಂಕು ಟ್ರಂಕಿನಲ್ಲಿ. ಹೊರಗೆ ಕತ್ತಲು ಇಳಿಯುತ್ತಿತ್ತು. ಟಾರ್ಚು ಟ್ರಂಕಿನಲ್ಲಿ. ಮೇಣದ ಬತ್ತಿಯೂ ಅಲ್ಲೇ. ಹಾಜಿಯವರ ಮನೆಗಾದರೂ ಹೋಗೋಣವೆಂದರೆ ಹೊರಗೆ ಮಳೆ ಕೊಡಪಾನದಲ್ಲಿ ಹೊಯ್ದ ಹಾಗೆ ಸುರಿಯುತ್ತಿದೆ, ಕೊಡೆ ಕಲ್ಲುಗುಂಡಿಗೆ ಪ್ರವಾಸ ಹೋಗಿದೆ. ಗ್ಯಾಸ್ ಒಲೆಯನ್ನಾದರೂ ಹೊತ್ತಿಸುತ್ತೇನೆಂದು ಅವಸರದಲ್ಲಿ ಎದ್ದವನು ಜಗಲಿಯ ಸ್ಟೂಲಿಗೆ ಮೊಣಕಾಲು ಬಡಿದು ಬಗ್ಗಿದೆ. ಸೊಂಟ ಹಿಡಿದುಕೊಂಡಿತು. ಹೇಗೋ ಬೆತ್ತದ ಕುರ್ಚಿಗೆ ಕುಸಿದೆ. ಕೂತದ್ದಷ್ಟೇ, ಏಳಲಾಗಲಿಲ್ಲ. ಮುಲಾಮು ಎಲ್ಲಿತ್ತು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಲ್ಲಿ ಕತ್ತಲಲ್ಲಿ ಕೂತಾಗ ಉತ್ಸಾಹವೆಲ್ಲ ಇಳಿದು ನಿಜವಾದ ಹೆದರಿಕೆ ಸುರುವಾಯಿತು. ಇನ್ನೊಂದು ಮರ ಬಿದ್ದರೆ? ಆ ಸಾಲಿನಲ್ಲಿ ನಿಂತ ಕಾರಿನ ಮೇಲೆಯೇ ಬಿದ್ದರೆ? ಅವಳು ಪುನಃ ಫೋನು ಮಾಡಿ, ಇಲ್ಲಿ ಉತ್ತರವಿಲ್ಲದೆ ಹೋದರೆ? ಅವಲಕ್ಕಿ ಬೆಲ್ಲದಿಂದ ಹಿಡಿದು ಜಿಗಣೆಯ ಉಪ್ಪಿನವರೆಗೆ ಎಲ್ಲ ಕಟ್ಟಿಕೊಟ್ಟಿದ್ದೆ. ಹೋಗುವಾಗ ಅವಳ ಮುಖ ನೋಡಿ 'ಜಾಗ್ರತೆ' ಎಂಬ ಒಂದು ಮಾತು ಹೇಳಿರಲಿಲ್ಲ, ಸಿಟ್ಟಿನಲ್ಲಿ ಗೋಡೆ ನೋಡುತ್ತಾ ಕೂತಿದ್ದೆ.

ಎಷ್ಟೋ ಹೊತ್ತಿನ ಮೇಲೆ ಗೇಟಿನ ಸದ್ದಾಯಿತು. ಹಾಜಿಯವರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲಿನ ಬೆಳಕು ಹಿಡಿದುಕೊಂಡು ಬಂದರು. ಕಂಕುಳಲ್ಲಿ ಒಂದು ಟಿಫಿನ್ ಡಬ್ಬಿ.

"ಎಂತ ಮಾಷ್ಟ್ರೆ, ಕತ್ತಲೆಯಲ್ಲಿ ಕೂತದ್ದು? ನಿಮ್ಮ ಹೆಂಡ್ತಿ ಫೋನ್ ಮಾಡಿದ್ರು. ಇವರ ಫೋನು ಹೋಗುದಿಲ್ಲ, ಒಬ್ಬರೇ ಇದ್ದಾರೆ, ಹೆದರಿರ್ತಾರೆ, ಒಂದು ಸಲ ಹೋಗಿ ನೋಡಿ ಅಂತ."

ರಸ್ತೆ ಬಂದಾಗಿ ಸಿಕ್ಕಿಹಾಕಿಕೊಂಡವಳು ಮನೆಯಲ್ಲಿ ಬೆಚ್ಚಗೆ ಕೂತವನಿಗೆ ಸಹಾಯ ಕಳಿಸಿದ್ದಳು. ಡಬ್ಬಿಯಲ್ಲಿದ್ದ ಅಕ್ಕಿರೊಟ್ಟಿಯನ್ನು ಹಾಜಿಯವರ ಮೊಬೈಲಿನ ಬೆಳಕಿನಲ್ಲಿ ತಿಂದೆ. ಟಾರ್ಚು ಎಲ್ಲಿ ಎಂದು ಅವರು ಕೇಳಿದಾಗ ಬಾಯಿ ತುಂಬ ರೊಟ್ಟಿ ಇದ್ದದ್ದು ಒಳ್ಳೆಯದಾಯಿತು.

ಊಟದ ಹೊತ್ತಿಗೆ ಕಾರಿನ ಲೈಟು ಗೋಡೆಯ ಮೇಲೆ ಬಿತ್ತು. ವಾರಿಜ ಬೀಗದ ಕೈ ತಿರುಗಿಸುತ್ತಾ ಇಳಿದಳು. ಮೈಯೆಲ್ಲ ಒದ್ದೆ, ಮುಖದಲ್ಲಿ ಮಾತ್ರ ಮದುವೆಮನೆಯಿಂದ ಬಂದ ಕಳೆ. ಸಾಲಿನಲ್ಲಿದ್ದ ಜೀಪಿನವರೇ ಇಳಿದು ಮರ ಕಡಿದರಂತೆ. ಅಷ್ಟು ಹೊತ್ತು ಇವಳೂ ಬಸ್ಸಿನ ಹೆಂಗಸರೂ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ಕೂತು ಚಾ ಕುಡಿದರಂತೆ. ಸುಳ್ಯದ ಕಡೆಯ ಅರೆಭಾಷೆಯಲ್ಲಿ ಮಾತಿನಿಂದ ಮಾತು ಹೊರಟು ಆ ಮನೆಯವರು ನಮಗೆ ಸಂಬಂಧವೇ ಎಂದು ಗೊತ್ತಾಗಿ, ಹೊರಡುವಾಗ ಒಂದು ಕಟ್ಟು ಬಸಳೆಯನ್ನೂ ಕೊಟ್ಟರಂತೆ.

"ಟ್ರಂಕು?" ಎಂದೆ.

"ಅದರ ಮೇಲೆ ಅಕ್ಕ ಎರಡು ಹಲಸಿನ ಹಣ್ಣು, ಒಂದು ಗೊನೆ, ಸೌತೆಕಾಯಿಯ ಚೀಲ ಇಡಿಸಿದ್ದಾಳೆ. ಆ ಮಳೆಯಲ್ಲಿ ಅದನ್ನೆಲ್ಲ ರೋಡಿನಲ್ಲಿ ಇಳಿಸ್ಲಿಕ್ಕೆ ಉಂಟಾ ಮಾರಾಯ್ರೆ?"

ಹಾಜಿಯವರೂ ಅವಳೂ ಸೇರಿ ಟ್ರಂಕನ್ನು ಒಳಗೆ ಹೊತ್ತು ತಂದರು. ಹಾಜಿಯವರು ಹೋದ ಮೇಲೆ ಅವಳು ಮೇಣದ ಬತ್ತಿ ಹಚ್ಚಿಟ್ಟು, ನನ್ನನ್ನು ಮಂಚಕ್ಕೆ ಸಾಗಿಸಿ, ಬೋರಲು ಮಲಗಿಸಿ ಸೊಂಟಕ್ಕೆ ಮುಲಾಮು ತಿಕ್ಕತೊಡಗಿದಳು. ಮುಖ ಕಾಣದಿರುವಾಗ ಕೇಳುವುದು ಸುಲಭ. "ಅಲ್ಲಿ ನಿನಗೆ ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದೆ.

"ಆಯ್ತು," ಅಂದಳು. "ನಿಮ್ಮ ಫೋನು ಹೋಗದೆ ಇದ್ದಾಗ."

ಈಗ ಅವಳು ಶನಿವಾರ ಖಾಲಿ ಡಿಕ್ಕಿಯಲ್ಲಿ ಹಗುರವಾಗಿ ಹೋಗಿ ತುಂಬಿಸಿಕೊಂಡು ಬರುತ್ತಾಳೆ. ಗೇಟಿನ ಹತ್ತಿರ ನಿಂತು ಜಾಗ್ರತೆ ಎಂದು ನಾನು ಹೇಳುತ್ತೇನೆ, ನೀವೂ ಜಾಗ್ರತೆ ಎಂದು ಅವಳು ಹೇಳುತ್ತಾಳೆ. ಟ್ರಂಕು ನನ್ನ ಮಂಚದ ಕೆಳಗಿದೆ. ಆಪತ್ತು ಎಲ್ಲಿರುತ್ತದೋ ಅಲ್ಲೇ ಅದೂ ಇರಲಿ ಎಂಬುದು ಅವಳ ಅಭಿಪ್ರಾಯ.