ತುಲಾಭಾರದ ಹೆಚ್ಚುವರಿ

ಒಂಬತ್ತು ವೋಲ್ಟಿನ ಒಂದು ಬ್ಯಾಟರಿಯಿಂದ ಸಭ್ಯ ಗೃಹಸ್ಥನೊಬ್ಬನ ಅರವತ್ತನೆಯ ಹುಟ್ಟುಹಬ್ಬಕ್ಕೆ ಎಷ್ಟು ಕೇಡಾಗಬಹುದೆಂದು ಕೇಳಿದರೆ, ಅಮೆರಿಕದ ನೋವೈ ಎಂಬ ಊರಿನ ಚಂದ್ರಮೌಳಿ ದಶಮಾಂಶದ ಒಂದು ಸ್ಥಾನದವರೆಗೆ ನಿಖರವಾಗಿ ಉತ್ತರ ಹೇಳಬಲ್ಲರು.

ಕಾರಿನ ಬಿಡಿಭಾಗಗಳ ತೂಕ ಇಳಿಸುವುದು ಅವರ ವೃತ್ತಿ. ಇಪ್ಪತ್ತೇಳು ವರ್ಷಗಳಿಂದ ಅವರು ಬಾಗಿಲಿನಿಂದ ಎರಡು ಔನ್ಸ್, ಸೀಟಿನಿಂದ ಮೂರು ಔನ್ಸ್ ಎಂದು ಕೆತ್ತುತ್ತಲೇ ಬಂದವರು. ಮಾತಿನಲ್ಲಿಯೂ ಊಟದಲ್ಲಿಯೂ ಅದೇ ಮಿತ. ಇಂಥವರು ಪಿಸ್ತೂಲು ಕೊಂಡದ್ದು ಶೋಕಿಗಲ್ಲ. ಕಳೆದ ಚಳಿಗಾಲದಲ್ಲಿ ಅವರ ಬಡಾವಣೆಯ ಎರಡು ಮನೆಗಳಿಗೆ ಚಿನ್ನ ಹುಡುಕಿಕೊಂಡು ಕಳ್ಳರು ನುಗ್ಗಿದ್ದರು. ಪೌರತ್ವವಿತ್ತು, ತರಗತಿಗೆ ಹೋದರು, ಪರೀಕ್ಷೆ ಬರೆದರು, ಲೈಸೆನ್ಸ್ ಪಡೆದರು. ಪ್ರತಿ ಶನಿವಾರ ಬೆಳಗಿನ ಜಾವ ಪಕ್ಕದ ಊರಾದ ಲಿವೋನಿಯಾದ ಶೂಟಿಂಗ್ ರೇಂಜಿಗೆ ಹೋಗಿ ಐವತ್ತು ಗುಂಡು ಹಾರಿಸಿ ಬಂದರು. ಐವತ್ತೊಂದನೆಯದನ್ನು ಎಂದೂ ಹಾರಿಸಲಿಲ್ಲ.

ಈ ವಿಷಯ ಹೆಂಡತಿ ಭಾನುಪ್ರಿಯಾಗೆ ಬಿಟ್ಟರೆ ಯಾರಿಗೂ ತಿಳಿಯದು. ಮುಖ್ಯವಾಗಿ ಮಗಳು ಮಂಜರಿಗೆ ತಿಳಿಯಕೂಡದು. ಫಾರ್ಮಸಿಸ್ಟ್ ಆಗಿರುವ ಮಂಜರಿ ತನ್ನ ನಾಲ್ಕು ವರ್ಷದ ಮಗಳು ಸಿಯಾಳನ್ನು ಯಾರ ಮನೆಗೆ ಆಟಕ್ಕೆ ಕಳಿಸುವುದಾದರೂ ಮೊದಲು ಕೇಳುವ ಪ್ರಶ್ನೆ ಒಂದೇ: "ಮನೇಲಿ ಗನ್ ಇದೆಯಾ?" ಇದೆಯೆಂದರೆ ಆಟವಿಲ್ಲ. ಈ ಬೇಸಗೆಯಲ್ಲಿ ಸಿಯಾಳನ್ನು ಪೂರಾ ಒಂದು ತಿಂಗಳು ಅಜ್ಜಿ ತಾತನ ಬಳಿ ಬಿಡುವ ಮಾತು ನಡೆದಿತ್ತು. ಆ ಮೂವತ್ತು ದಿನಗಳಿಗಾಗಿ ಚಂದ್ರಮೌಳಿ ತಮ್ಮ ಉಳಿದ ಆಯುಷ್ಯದಿಂದ ಮುನ್ನೂರನ್ನು ಕೊಡಲು ಸಿದ್ಧರಿದ್ದರು. ಷಷ್ಟಿಪೂರ್ತಿಯ ದಿನ ಎಲ್ಲವನ್ನೂ ನೋಡಿ ನಿರ್ಧರಿಸುತ್ತೇನೆಂದು ಮಂಜರಿ ಹೇಳಿದ್ದಳು.

ಆ ದಿನ ಶನಿವಾರವೇ ಬಿತ್ತು. ಚಂದ್ರಮೌಳಿ ತಮ್ಮ ಅರವತ್ತನೆಯ ಹುಟ್ಟುಹಬ್ಬಕ್ಕೂ ನಿಯಮ ತಪ್ಪಿಸಲಿಲ್ಲ. ಏಳಕ್ಕೆ ರೇಂಜಿನಿಂದ ಮರಳಿ, ಬಟ್ಟೆಯ ಕೋಣೆಯ ತಿಜೋರಿಯ ಮುಂದೆ ಮಂಡಿಯೂರಿ ಸಂಖ್ಯೆ ಒತ್ತಿದರು. ತಿಜೋರಿ ಮೌನವಾಗಿತ್ತು. ಮತ್ತೆ ಒತ್ತಿದರು. ಕಲ್ಲಿಗೆ ಕಚಗುಳಿ ಇಟ್ಟ ಹಾಗಾಯಿತು. ಹೊರಗಿನ ಬ್ಯಾಟರಿಯ ಗೂಡು ತೆರೆದರೆ ಅದು ಖಾಲಿ.

"ಭಾನೂ, ಇದರ ಬ್ಯಾಟರಿ ಎಲ್ಲಿ?"

"ಅದಾ? ಹಾಲ್‌ನಲ್ಲಿ ಸ್ಮೋಕ್ ಅಲಾರಂ ಬ್ಯಾಟರಿ ಮುಗಿದು ರಾತ್ರಿಯಿಂದ ಕೀಂ ಕೀಂ ಅಂತಿತ್ತಲ್ಲ. ನಿಮ್ಮ ಆಫೀಸಿನ ವೀರೇಶ್ ಆರು ಗಂಟೆಗೇ ಏಣಿ ತಂದು ಇದನ್ನ ಅದಕ್ಕೆ ಹಾಕ್‌ಕೊಟ್ರು. ಪಾಪ, ತುಲಾಭಾರದ ತಕ್ಕಡಿ ತರೋಕ್ ಹೋಗಿದಾರೆ."

"ಏಣಿ?"

"ಅದೂ ಅವರ ಟ್ರಕ್ಕಲ್ಲೇ ಹೋಯ್ತು."

ಹಾಲ್‌ನ ಛಾವಣಿ ಹದಿನೆಂಟು ಅಡಿ ಎತ್ತರ. ಚಂದ್ರಮೌಳಿಯ ಕೈ ಎತ್ತಿದರೆ ಏಳೂವರೆ. ಉಳಿದ ಹತ್ತೂವರೆಗೆ ಏಣಿಯ ಹೊರತು ಉಪಾಯವಿಲ್ಲ. ಹೊಸ ಬ್ಯಾಟರಿ ಕೊಂಡು ತರಲು ಮುಹೂರ್ತ ಬಿಡದು. ಬ್ಯಾಟರಿ ಇಲ್ಲದಾಗ ತೆರೆಯಲೆಂದು ತಿಜೋರಿಗೆ ಒಂದು ಕೀಲಿಕೈಯೂ ಇತ್ತು. ಅದನ್ನು ಮನೆಯ ಅತ್ಯಂತ ಭದ್ರವಾದ ಜಾಗದಲ್ಲಿಡಬೇಕೆಂದು ಕೈಪಿಡಿ ಸೂಚಿಸಿತ್ತು. ಚಂದ್ರಮೌಳಿ ಮನೆಯನ್ನೆಲ್ಲ ಪರಿಶೀಲಿಸಿ, ಅತ್ಯಂತ ಭದ್ರವಾದ ಜಾಗ ತಿಜೋರಿಯೇ ಎಂದು ಕಂಡುಕೊಂಡು, ಕೀಲಿಕೈಯನ್ನು ಅದರೊಳಗೇ ಇಟ್ಟಿದ್ದರು.

"ಈಗೇನ್ ಮಾಡೋದು?" ಎಂದರು ಭಾನುಪ್ರಿಯಾ. "ಮಂಜರಿ ಬಂದಾಯ್ತು. ಎಂಟಕ್ಕೆ ಮುಹೂರ್ತ. ಒಂದು ತಾಂಬೂಲದ ಚೀಲದಲ್ಲಿ ಹಾಕಿ ಮೂಲೇಲಿ ಇಟ್ಬಿಡಿ."

ನೂರ ಇಪ್ಪತ್ತು ತಾಂಬೂಲದ ಚೀಲಗಳು, ಹದಿನೇಳು ಮಕ್ಕಳು. ಚಂದ್ರಮೌಳಿ ಮನಸ್ಸಿನಲ್ಲೇ ಗುಣಿಸಿ, ಬೇಡವೆಂದರು. ಬೀರು, ಗ್ಯಾರೇಜು, ಕಾರು ಯಾವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಪಿಸ್ತೂಲನ್ನು ಖಾಲಿ ಮಾಡಿದರು. ಖಾಲಿಯೆಂದು ಮೂರು ಸಲ ನೋಡಿದರು. ಗುಂಡುಗಳನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿದರು. ಮಕ್ಕಳ ಕೈಗೆ ಎಂದೂ ಸಿಕ್ಕದ ಸ್ಥಳ ಈ ಮನೆಯಲ್ಲಿ ಈಗ ಒಂದೇ ಉಳಿದಿತ್ತು. ಅದು ಅವರ ಸೊಂಟ. ಪ್ರಾಣಸಂಕಟದಲ್ಲೂ ಮೊದಲು ಮಕ್ಕಳ ಲೆಕ್ಕ ಹಾಕಿದ ಆ ಮನುಷ್ಯನನ್ನು ಮೆಚ್ಚದೆ ಇರುವಂತಿಲ್ಲ.

ತರಗತಿಯ ಬೋಧಕ ಹೇಳಿದ್ದ: "ಯಾರೂ ನಿಮ್ಮ ಸೊಂಟ ನೋಡುವುದಿಲ್ಲ. ಎಲ್ಲರಿಗೂ ಅವರವರದೇ ಚಿಂತೆ." ಆತ ಕನ್ನಡದವರ ಸಮಾರಂಭಕ್ಕೆ ಬಂದವನಲ್ಲ. ಕಳೆದ ಯುಗಾದಿಯಲ್ಲಿ ಉಟ್ಟ ಸೀರೆಯ ಅಂಚನ್ನು ಈ ಯುಗಾದಿಯಲ್ಲಿ ಗುರುತಿಸುವ ಕಣ್ಣುಗಳು ಹಾಲ್‌ನಲ್ಲಿ ನೂರಕ್ಕೂ ಮಿಗಿಲಾಗಿದ್ದವು. ಮೆಟ್ಟಿಲಿಳಿಯುವಾಗ ಅವೆಲ್ಲವೂ ತಮ್ಮ ಬಲಸೊಂಟದ ಮೇಲೆಯೇ ನೆಟ್ಟಿವೆಯೆಂದು ಚಂದ್ರಮೌಳಿಗೆ ತೋರಿತು. ಬಲ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡರು. ಕುರ್ತಾ ಎಳೆದರು. ಎಳೆದದ್ದು ಕಂಡಿತೇನೋ ಎಂದು ಬಿಟ್ಟರು. ಬಿಟ್ಟದ್ದು ಉಬ್ಬಿತೇನೋ ಎಂದು ಮತ್ತೆ ಎಳೆದರು.

ಸಿಯಾ ಕೆಳಗಿನಿಂದ ಕೂಗಿದಳು: "ತಾತಾ, ವೈ ಆರ್ ಯೂ ವಾಕಿಂಗ್ ಲೈಕ್ ಎ ಪೆಂಗ್ವಿನ್?"

"ಬೆನ್ನು ನೋವು, ಪುಟ್ಟಿ."

ಇದನ್ನು ಪುರೋಹಿತ ಪ್ರಸನ್ನ ಭಟ್ಟರು ಕೇಳಿಸಿಕೊಂಡರು. "ಬೆನ್ನಿಗೆ ಬೆಲ್ಟ್ ಹಾಕ್ಕೊಂಡಿದೀರಾ, ಸರ್? ಲೆದರ್ ಆಗಿದ್ರೆ ತೆಗೀಬೇಕು. ಸಂಕಲ್ಪಕ್ಕೆ ಚರ್ಮ ಆಗಲ್ಲ. ಕುರ್ತಾನೂ ಬೇಡ. ಪಂಚೆ, ಶಲ್ಯ, ಅಷ್ಟೇ."

ಪಿಸ್ತೂಲಿನ ಒರೆ ಶುದ್ಧ ಹಸುವಿನ ಚರ್ಮದ್ದು. ಚಂದ್ರಮೌಳಿ ಮತ್ತೆ ಮೇಲೆ ಹೋದರು. ಭಾನುಪ್ರಿಯಾ ಹಳೆಯ ಹತ್ತಿ ಸೀರೆಯೊಂದನ್ನು ಉದ್ದಕ್ಕೆ ಹರಿದು, ನವರಾತ್ರಿಯ ಪಟ್ಟದ ಗೊಂಬೆಗೆ ಉಡಿಸುವ ಶ್ರದ್ಧೆಯಿಂದ ಗಂಡನ ಹೊಟ್ಟೆಗೂ ಪಿಸ್ತೂಲಿಗೂ ಸೇರಿಸಿ ಐದು ಸುತ್ತು ಬಿಗಿದರು. ಅದರ ಮೇಲೆ ಪಂಚೆ. ಉಸಿರು ಅರ್ಧವೇ ಬರುತ್ತಿತ್ತು. ಅರ್ಧ ಸಾಕೆಂದು ಇಳಿದರು.

ಸಂಕಲ್ಪವಾಯಿತು, ಹೋಮವಾಯಿತು. ಬಳಿಕ ಹಿತ್ತಲಿನ ಮರದ ಜಗಲಿಯ ಮೇಲೆ ದಂಪತಿಗಳನ್ನು ಮಣೆಯಲ್ಲಿ ಕೂರಿಸಿ ಕಲಶದ ನೀರು ಹುಯ್ಯುವ ಶಾಸ್ತ್ರ. ಐವತ್ತೆರಡು ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಹನ್ನೊಂದು ಸೆಲ್ಸಿಯಸ್ ಚಳಿ. ಮೊದಲ ಚೊಂಬು ಬಿದ್ದಾಗಲೇ ಚಂದ್ರಮೌಳಿಗೆ ಒಂದು ಸತ್ಯ ಹೊಳೆಯಿತು: ಬಿಳಿಯ ಪಂಚೆ ನೆನೆದರೆ ಗಾಜು. ಎರಡನೆಯ ಚೊಂಬಿಗೆ ಬಲಸೊಂಟದಲ್ಲಿ ಕಪ್ಪಗಿನ ಏನೋ ಒಂದು ಮಂಜಿನಲ್ಲಿ ಬರುವ ಲಾರಿಯಂತೆ ಮಸುಕಾಗಿ ಮೂಡತೊಡಗಿತು. ಮೂರನೆಯದು ಬೀಳುವ ಮೊದಲೇ ಭಾನುಪ್ರಿಯಾ ತಮ್ಮ ಮೈಮೇಲಿನ ಕೆಂಪು ಶಾಲನ್ನು ಗಂಡನ ಮೇಲೆ ಎಸೆದು, "ಇವರಿಗೆ ಥಂಡಿ ಆಗಿಬರಲ್ಲ!" ಎಂದರು. ಮೂವತ್ತನಾಲ್ಕು ವರ್ಷದ ದಾಂಪತ್ಯದಲ್ಲಿ ಅದಕ್ಕಿಂತ ಸಮಯೋಚಿತವಾದ ಮಾತನ್ನು ಆಕೆ ಆಡಿದ್ದಿಲ್ಲ.

ಒಣ ಪಟ್ಟಿ ಬಿಗಿದು, ಒಣ ಪಂಚೆ ಉಟ್ಟು ಬಂದಾಗ ಹಾಲ್‌ನ ನಡುವೆ ವೀರೇಶ್ ಸಿದ್ಧರಾಗಿ ನಿಂತಿದ್ದರು. ಧಾರವಾಡದ ಕಡೆಯವರು, ಚಂದ್ರಮೌಳಿಯ ಸಹೋದ್ಯೋಗಿ, ಅಳತೆಯ ಪ್ರಯೋಗಾಲಯದ ಮುಖ್ಯಸ್ಥರು. ತುಲಾಭಾರಕ್ಕೆಂದು ಲಿವೋನಿಯಾದಿಂದ ಎಂಜಿನ್ ತೂಗುವ ತಕ್ಕಡಿ ತಂದಿದ್ದರು. ಚಂದ್ರಮೌಳಿಯ ತೂಕಕ್ಕೆ ಸಮನಾದ ಬೆಲ್ಲ ದೇವಸ್ಥಾನದ ಅಡುಗೆಮನೆಗೆ ಹೋಗಬೇಕು.

"ಹತ್ರಿ, ಮೌಳಿ. ಹೌದ್ರಿ, ನಿಂದರ್ರಿ. ಒಂದು ನೂರಾ ಅರವತ್ಮೂರು ಪಾಯಿಂಟ್ ಎಂಟು ಪೌಂಡ್." ವೀರೇಶರ ಹುಬ್ಬು ಗಂಟಿಕ್ಕಿತು. "ಇದ್ಹ್ಯಾಂಗ? ಆಫೀಸಿನ ವೇಟ್ ಲಾಸ್ ಚಾಲೆಂಜಿಗೆ ನಿನ್ನೆ ಸಂಜಿಕ್ಕೆ ನಾನೇ ತೂಗೀನಿ. ಅರಿವಿ ತೂಕ ಕಳದು ಒಂದು ನೂರಾ ಅರವತ್ತೊಂದು ಪಾಯಿಂಟ್ ನಾಕು ಇದ್ರಿ."

"ಪಂಚೆ, ಶಾಲು, ಬೆನ್ನಿಗೆ ಕಟ್ಟಿದ ಪಟ್ಟಿ ಇದೆಯಲ್ಲ," ಎಂದರು ಚಂದ್ರಮೌಳಿ.

"ಅದನ್ನೂ ತೂಗೀನ್ರೀ, ಭಾನು ಅಕ್ಕಾರ ಕಡೆ ಅಂಥಾವೇ ಮೂರೂ ಇಸ್ಕೊಂಡು. ಒಂದು ಪಾಯಿಂಟ್ ಒಂದು. ಕಳೀರಿ. ಇನ್ನೂ ಒಂದು ಪಾಯಿಂಟ್ ಮೂರು ಪೌಂಡ್ ಹೆಚ್ಚಿಗಿ ಉಳೀತದ. ಉಪವಾಸ ಇದ್ದವ್ರು ಹ್ಯಾಂಗ ಹೆಚ್ಚಿಗಿ ಆದ್ರಿ?"

"ಗ್ಯಾಸ್," ಎಂದರು ಚಂದ್ರಮೌಳಿ.

"ಗ್ಯಾಸಿಗೆ ತೂಕ ಎಲ್ಲೇದರಿ? ನೀವು ಎಂಜಿನಿಯರ್ ಅದೀರೋ ಇಲ್ಲೋ?"

ಹಾಲ್ ತುಂಬ ಸಲಹೆಗಳು ಹಾರಾಡಿದವು. ಒಬ್ಬರು ಥೈರಾಯ್ಡ್ ಎಂದರು. ಇನ್ನೊಬ್ಬರು ಮೈಯಲ್ಲಿ ನೀರು ನಿಂತಿದೆ ಎಂದು ಕಾಲನ್ನು ಒತ್ತಿ ನೋಡಲು ಬಂದರು. ಮಂಜರಿ ಮಾತ್ರ ಮಹಡಿಯ ಮೇಲೆ ಸಿಯಾಗೆ ಲಂಗ ಉಡಿಸುತ್ತಿದ್ದಳು. ಆ ಒಂದು ಪುಣ್ಯ ಉಳಿದಿತ್ತು.

"ಲೆಕ್ಕ ಆಗೋತನಕ ನಾ ಎಲಿಗೆ ಕೂಡಂಗಿಲ್ಲ," ಎಂದು ಘೋಷಿಸಿ ವೀರೇಶ್ ತಕ್ಕಡಿಯ ತಿರುಪು ಬಿಚ್ಚತೊಡಗಿದರು.

ಆಗ ಮೂಲೆಯ ಕುರ್ಚಿಯಿಂದ ಒಂದು ಬೆರಳು ಚಂದ್ರಮೌಳಿಯನ್ನು ಕರೆಯಿತು. ಅದು ಸಾಕಮ್ಮನವರದು. ಅಳಿಯ ಸಮರ್ಥನ ಅಜ್ಜಿ, ವಯಸ್ಸು ಎಂಬತ್ತನಾಲ್ಕು, ದೂರದ ಲೊಂಬಾರ್ಡ್ ಎಂಬ ಊರಿನಲ್ಲಿ ಹಿರಿಯ ಮಗನ ಮನೆಯಲ್ಲಿರುವವರು. ಬೆಳಗಿನಿಂದ ಆಕೆ ಮೂರು ಮಾತೂ ಆಡಿರಲಿಲ್ಲ.

"ನೋಡಪ್ಪ, ನಾನು ಮೈಸೂರಲ್ಲಿ ಪೊಲೀಸ್ ಆಯುಧಾಗಾರದ ಗುಮಾಸ್ತೆ. ಮೂವತ್ತೊಂದು ವರ್ಷ. ಒಳಕ್ಕೆ ಬಂದಿದ್ದು, ಹೊರಕ್ಕೆ ಹೋಗಿದ್ದು ಬರೀತಿದ್ದೋಳು," ಎಂದರು ಸಾಕಮ್ಮ, ಪಕ್ಕದವರಿಗೂ ಕೇಳದ ದನಿಯಲ್ಲಿ. "ಮೊಣಕೈ ಹಾಗೆ ಅಂಟಿಸ್ಕೊಂಡು ನಡೆಯೋ ಗಂಡಸರನ್ನ ಎಷ್ಟೋ ನೋಡಿದೀನಿ. ಅದು ಬೆನ್ನು ನೋವಲ್ಲ."

ಚಂದ್ರಮೌಳಿ ಮೊಣಕೈ ಸಡಿಲಿಸಿದರು.

"ಗುಂಡಿದೆಯಾ?"

"ಇಲ್ಲ, ಅಮ್ಮ. ಮೂರು ಸಲ ನೋಡಿದೀನಿ."

"ಅದಕ್ಕೇ ಇಷ್ಟು ಹೊತ್ತು ಸುಮ್ಮನಿದ್ದೆ. ಊಟ ಆಗೋದ್ರೊಳಗೆ ನೀನೇ ಮಗಳಿಗೆ ಹೇಳು. ಹೇಳ್ಲಿಲ್ಲ ಅಂದ್ರೆ ನಾನು ಹೇಳ್ತೀನಿ."

ಆ ಕ್ಷಣವೇ ಚಂದ್ರಮೌಳಿ ನಿಶ್ಚಯಿಸಿದರು: ಈಗಲೇ ಮಗಳಿಗೆ ಹೇಳುವುದು, ಸೋಮವಾರ ಪಿಸ್ತೂಲನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದು. ಮಂಜರಿ ಮೆಟ್ಟಿಲಿಳಿದು ಬಂದಳು. ಅವರು ಬಾಯಿ ತೆರೆಯುವ ಮೊದಲೇ ತಂದೆಯ ಎಡಗೈ ಹಿಡಿದುಕೊಂಡಳು.

"ಅಪ್ಪಾ, ಐ ಹ್ಯಾವ್ ಡಿಸೈಡೆಡ್. ಸಿಯಾ ಇಲ್ಲೇ ಇರ್ತಾಳೆ. ಪೂರ್ತಿ ಒಂದು ತಿಂಗಳು. ಸಮರ್ಥ ಜನವರೀಲಿ ಒಂದು ಗನ್ ತಂದಿದ್ದ, ಗೊತ್ತಾ? ನನಗೆ ನಿದ್ದೇನೇ ಇರ್ಲಿಲ್ಲ. ನಿಮ್ಮನ್ನೇ ತೋರಿಸಿ ಜಗಳ ಆಡ್ದೆ. 'ಲುಕ್ ಅಟ್ ಮೈ ಅಪ್ಪ, ಅರವತ್ತು ವರ್ಷ, ಒಂದು ದಿನ ಅಂಥದ್ದು ಮುಟ್ಟಿಲ್ಲ' ಅಂತ. ಇವತ್ತು ಬೆಳಿಗ್ಗೆ ಅಂಗಡಿಗೆ ವಾಪಸ್ ಕೊಟ್ಬಿಟ್ಟ."

ಚಂದ್ರಮೌಳಿಯ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಸಮರ್ಥ, "ಮಾವ, ಒಂದ್ನಿಮಿಷ, ಬಾಳೆ ಎಲೆ ತರೋದಿದೆ," ಎಂದು ಅವರನ್ನು ಗ್ಯಾರೇಜಿಗೆ ಕರೆದೊಯ್ದ.

ಅಲ್ಲಿ ಬಾಗಿಲು ಹಾಕಿ ಅಳಿಯ ಕೈ ಮುಗಿದ. "ಮಾವ, ಕಾಪಾಡಿ. ಅಂಗಡಿ ತೆಗೆಯೋದೇ ಹತ್ತಕ್ಕೆ. ನೀವು ಎಂಟಕ್ಕೆ ಮುಹೂರ್ತ ಇಟ್ರಿ. ಕೊಟ್ಟಾಯ್ತು ಅಂತ ಸುಳ್ಳು ಹೇಳಿದೀನಿ. ಹೊರಡೋ ಮುಂಚೆ ಅವಳು ಕಾರು ಪೂರ್ತಿ ಚೆಕ್ ಮಾಡ್ತಾಳೆ." ಜುಬ್ಬಾ ಎತ್ತಿದ. ಸೊಂಟದಲ್ಲಿ ಚಂದ್ರಮೌಳಿಯದೇ ಮಾದರಿಯ ಪಿಸ್ತೂಲು. "ಖಾಲಿ ಇದೆ, ನೋಡಿ. ನಿಮಗೆ ಲೈಸೆನ್ಸ್ ಇದೆ, ನಿಮ್ಮ ಹೆಸರಿಗೆ ಬರೆದುಕೊಡ್ತೀನಿ."

"ನನಗಿದೆ ಅಂತ ನಿನಗ್ಯಾರು ಹೇಳಿದ್ದು?"

"ಶನಿವಾರ ರೇಂಜಲ್ಲಿ ನೀವು ಆರನೇ ಲೇನು. ನಾನು ಹನ್ನೊಂದನೇದು. ನಿಮ್ಮನ್ನ ನೋಡಿ ಬಚ್ಚಿಟ್ಕೊಂಡು ಬಚ್ಚಿಟ್ಕೊಂಡು ನನ್ನ ಗುರಿನೇ ಕೆಟ್ಟೋಯ್ತು. ನೀವು ಐವತ್ತಕ್ಕೆ ಐವತ್ತೂ ಸೆಂಟರ್‌ಗೆ ಹೊಡೀತೀರಲ್ಲ, ಮಾವ, ಗ್ರೇಟ್!"

ಮೆಚ್ಚುಗೆ ಯಾವಾಗ ಬಂದರೂ ಮನುಷ್ಯ ಮೆತ್ತಗಾಗುತ್ತಾನೆ. ಜೊತೆಗೆ, ಮಗಳ ಮನೆಯಲ್ಲಾದರೂ ಗನ್ ಇಲ್ಲವೆಂಬ ಮಾತು ನಿಜವಾಗಲಿ ಎಂದೂ ಅವರಿಗೆ ತೋರಿತು. ಖಾಲಿಯೆಂದು ಮೂರು ಸಲ ನೋಡಿ, ಸೀರೆಯ ಪಟ್ಟಿಯೊಳಗೆ ಎಡಸೊಂಟಕ್ಕೆ ಅದನ್ನೂ ತುರುಕಿಕೊಂಡರು. ಈಗ ಎರಡೂ ಮೊಣಕೈಗಳನ್ನು ಅಂಟಿಸಿಕೊಂಡು ನಡೆಯಬೇಕಾಗಿದ್ದರೂ, ಬೆಳಗಿನಿಂದ ಮೊದಲ ಬಾರಿಗೆ ಮೈ ಸಮತೋಲದಲ್ಲಿತ್ತು.

ಹಾಲ್‌ಗೆ ಕಾಲಿಡುತ್ತಿದ್ದಂತೆ ವೀರೇಶ್ ಅವರ ತೋಳು ಹಿಡಿದರು. "ಬರ್ರಿ ಬರ್ರಿ! ತಕ್ಕಡಿ ಸರಿ ಮಾಡೀನಿ. ಇನ್ನೊಮ್ಮೆ ಹತ್ರಿ."

"ಬೇಡಿ, ವೀರೇಶ್. ಊಟಕ್ಕೆ ಹೊತ್ತಾಯ್ತು."

"ಹತ್ತಿ ಅಪ್ಪಾ, ಪಾಪ ಅಂಕಲ್ ಹಸ್ಕೊಂಡಿದಾರೆ," ಎಂದು ಮಂಜರಿಯೇ ಹಿಂದಿನಿಂದ ತಳ್ಳಿದಳು.

ಹತ್ತಿದರು. ವೀರೇಶ್ ಅಂಕಿ ನೋಡಿ ಹಣೆ ಒರೆಸಿಕೊಂಡರು. "ಒಂದು ನೂರಾ ಅರವತ್ತೈದು ಪಾಯಿಂಟ್ ಒಂದು! ಆಗ ಹೆಚ್ಚಿಗಿ ಒಂದು ಪಾಯಿಂಟ್ ಮೂರು ಇತ್ತು, ಈಗ ಎರಡು ಪಾಯಿಂಟ್ ಆರು. ಕರೆಕ್ಟ್ ಡಬಲ್! ಅರ್ಧ ತಾಸಿನಾಗ ಹನಿ ನೀರೂ ಕುಡೀಲಾರದ ಮನುಷ್ಯಾ!"

ಮಂಜರಿಯ ಮುಖದ ನಗು ನಿಂತಿತು. ದಿನವಿಡೀ ಔಷಧಿಯನ್ನು ಮಿಲಿಗ್ರಾಮಿನಲ್ಲಿ ಅಳೆಯುವವಳು. ಅಂಕಿಯನ್ನು ನೋಡಿದಳು, ಗಂಡನನ್ನು ನೋಡಿದಳು, ತಂದೆಯ ಎರಡೂ ಮೊಣಕೈಗಳನ್ನು ನೋಡಿದಳು.

ಚಂದ್ರಮೌಳಿ ತಕ್ಕಡಿಯ ಮೇಲಿಂದಲೇ ಮೆಲ್ಲನೆ ಹೇಳಿದರು: "ಮಗಳೇ, ನಿನಗೆ ಹೇಳಬೇಕು ಅಂತಲೇ ಬಂದೆ. ಎರಡೂ ನನ್ನವೇ."

ಅರವತ್ತು ವರ್ಷಗಳಲ್ಲಿ ಅವರು ಅಳಿಯನಿಗಾಗಿ ಆಡಿದ ಮೊದಲ ಸುಳ್ಳು ಅದು. ಅದಕ್ಕೆ ಆಯುಷ್ಯ ನಾಲ್ಕು ಸೆಕೆಂಡು.

"ಅಪ್ಪಾ, ಸಮರ್ಥ 'ಇದು ತೆಂಗಿನಕಾಯಿಗಿಂತ ಹಗುರ' ಅಂದ ಅಂತ ಅವನ ಗನ್‌ನ ನಾನೇ ನನ್ನ ಕಿಚನ್ ಸ್ಕೇಲಲ್ಲಿ ತೂಗಿದೀನಿ. ಒನ್ ಪಾಯಿಂಟ್ ತ್ರೀ. ಈಗ ಏರಿದ್ದು ಅದೇ. ಹಾಗಾದ್ರೆ ಮೊದಲನೇ ಒನ್ ಪಾಯಿಂಟ್ ತ್ರೀ ಯಾರದು?"

ಸಾಕಮ್ಮ ಕುರ್ಚಿಯಿಂದ ನಿಧಾನವಾಗಿ ಎದ್ದು ಬಂದು ಸಿಯಾಳ ಕೈ ಹಿಡಿದರು. "ನಮ್ಮ ಲೊಂಬಾರ್ಡ್ ಮನೇಲಿ ತರಕಾರಿ ಚಾಕು ಬಿಟ್ರೆ ಏನೂ ಇಲ್ಲ, ಮಂಜರಿ. ಅದೂ ಮೊಂಡು," ಎಂದರು.

ಸಂಜೆ ಐದಕ್ಕೆ ಸಿಯಾ ಮುತ್ತಜ್ಜಿಯ ಪಕ್ಕದಲ್ಲಿ ಕೂತು, ಮೂವತ್ತು ದಿನಗಳ ಬಟ್ಟೆಯೊಂದಿಗೆ ಇನ್ನೂರ ಎಂಬತ್ತು ಮೈಲಿಯಾಚೆಗೆ ಹೊರಟಳು. "ಬೈ, ಪೆಂಗ್ವಿನ್ ತಾತಾ!" ಎಂದು ಕೈ ಬೀಸಿದಳು. ವೀರೇಶ್ ಲೆಕ್ಕ ಬಗೆಹರಿದ ಸಂತೋಷಕ್ಕೆ ನಾಲ್ಕು ಹೋಳಿಗೆ ತಿಂದು, ತಕ್ಕಡಿಯನ್ನೂ ಏಣಿಯನ್ನೂ ಟ್ರಕ್ಕಿನಲ್ಲಿ ಹೇರಿಕೊಂಡು ಹೋದರು; ಏಣಿಯನ್ನು ಉಳಿಸಿಕೊಳ್ಳುವುದು ಯಾರಿಗೂ ಹೊಳೆಯಲಿಲ್ಲ. ಮಗಳು, ಅಳಿಯ ಬೇರೆ ಬೇರೆ ಕಿಟಕಿಗಳ ಕಡೆ ಮುಖ ತಿರುಗಿಸಿ ಕೂತು ಲಿವೋನಿಯಾಗೆ ಮರಳಿದರು.

ಪೊಲೀಸ್ ಠಾಣೆಗೆ ಸೋಮವಾರದವರೆಗೆ ಕಾಯಬೇಕಿತ್ತು. ಚಂದ್ರಮೌಳಿ ಎರಡು ಪಿಸ್ತೂಲುಗಳನ್ನು ಸೊಂಟದಲ್ಲಿ ಹೊತ್ತುಕೊಂಡೇ, ತೆರೆಯಲಾಗದ ತಿಜೋರಿಯ ಪಕ್ಕದಲ್ಲಿ ಕೂತರು. ಖಾಲಿ ಮನೆ. ಆಗ ಹದಿನೆಂಟು ಅಡಿ ಎತ್ತರದಿಂದ ಒಂದು ಸದ್ದು ಬಂತು.

ಕೀಂ.

ತಿಜೋರಿಯ ಬ್ಯಾಟರಿಯೂ ಹಳೆಯದೇ ಆಗಿತ್ತು. ಅವರು ಗಡಿಯಾರ ನೋಡಿಕೊಂಡು ಕಾದರು. ಸರಿಯಾಗಿ ನಲವತ್ತು ಸೆಕೆಂಡಿಗೊಮ್ಮೆ. ಸಿಯಾ ಇಲ್ಲದ ಮೂವತ್ತು ದಿನಗಳಿಗೆ, ಅರವತ್ತನಾಲ್ಕು ಸಾವಿರದ ಎಂಟುನೂರು ಕೀಂ.